ಬೇಸಿಗೆಯ ಬಿಸಿಲಿಗೆ ಬಾಡಿದ ಕುಂಡದ ಮರಗಳ ಪುನಶ್ಚೇತನ: ಶಾಲೆ, ಅಂಗನವಾಡಿ ಹಾಗೂ ಪಂಚಾಯಿತಿ ಕಚೇರಿಗಳಿಗೆ ಉಪಯುಕ್ತ ಮಾಹಿತಿ

ಏಪ್ರಿಲ್ ತಿಂಗಳಲ್ಲಿ ಬೇಸಿಗೆ ರಜೆಗೆ ಮುಚ್ಚಿದ ಶಾಲೆಗಳು ಮೇ ಕೊನೆಯ ಹೊತ್ತಿಗೆ ಮತ್ತೆ ತೆರೆಯುತ್ತವೆ. ಕೊಠಡಿಗಳ ಧೂಳು ತೆಗೆದು, ಅಂಗಳ ಗುಡಿಸಿ, ಬಾಗಿಲಿಗೆ ತೋರಣ ಕಟ್ಟುವ ಆ ದಿನಗಳಲ್ಲಿ ಜಗಲಿಯ ಅಂಚಿನ ಕುಂಡಗಳೂ ಕಣ್ಣಿಗೆ ಬೀಳುತ್ತವೆ. ರಜೆಗೆ ಮುನ್ನ ಹಸಿರಾಗಿದ್ದ ನಿಂಬೆ, ಕರಿಬೇವು, ದಾಳಿಂಬೆ, ಕಸಿ ಮಾವಿನ ಗಿಡಗಳು ಎಲೆ ಉದುರಿಸಿಕೊಂಡು ಬರಿಯ ಕಡ್ಡಿಗಳಾಗಿ ನಿಂತಿರುತ್ತವೆ. ಸ್ವಚ್ಛತೆಯ ಭರದಲ್ಲಿ ಅವುಗಳನ್ನು ಕಿತ್ತು ತಿಪ್ಪೆಗೆ ಹಾಕಿ, ಜೂನ್ 5ರ ವಿಶ್ವ ಪರಿಸರ ದಿನಕ್ಕೆ ಅದೇ ಕುಂಡಗಳಲ್ಲಿ ಹೊಸ ಸಸಿ ನೆಡುವುದು ಹಲವೆಡೆ ರೂಢಿಯಾಗಿದೆ.

ಹೀಗೆ ಕಿತ್ತೆಸೆಯುವ ಗಿಡಗಳೆಲ್ಲವೂ ಸತ್ತಿರುವುದಿಲ್ಲ. ನೀರು ಸಾಲದಾದಾಗ ಎಲೆ ಉದುರಿಸುವುದು ಮರವು ತನ್ನ ಕಾಂಡ ಹಾಗೂ ಬೇರನ್ನು ಉಳಿಸಿಕೊಳ್ಳುವ ಉಪಾಯವೇ ಆಗಿದೆ. ಮೂರು ನಾಲ್ಕು ವರ್ಷ ಬೆಳೆದ ನಿಂಬೆಯೊಂದನ್ನು ಕಿತ್ತರೆ, ಅದಕ್ಕೆ ಎರೆದ ಅಷ್ಟು ವರ್ಷಗಳ ನೀರು, ಮಕ್ಕಳ ಶ್ರಮ ಎರಡೂ ವ್ಯರ್ಥವಾಗುತ್ತವೆ. ಅದರ ಜಾಗಕ್ಕೆ ಬಂದ ಎಳೆಯ ಸಸಿ ಮುಂದಿನ ಬೇಸಿಗೆಯನ್ನು ಎದುರಿಸಲು ಹಳೆಯ ಗಿಡಕ್ಕಿಂತ ದುರ್ಬಲವಾಗಿರುತ್ತದೆ. ಇನ್ನೊಂದೆಡೆ, ಬದುಕಿದ್ದ ಗಿಡಗಳನ್ನು ಉಳಿಸಲೆಂದು ಒಮ್ಮೆಲೇ ಅತಿಯಾಗಿ ನೀರು, ಗೊಬ್ಬರ ಕೊಟ್ಟು, ಕೊಂಬೆಗಳನ್ನೆಲ್ಲ ಕತ್ತರಿಸಿ ಕೊಲ್ಲುವುದೂ ಉಂಟು. ಬಿಸಿಲಿನಿಂದ ನೊಂದ ಮರಕ್ಕೆ ಮೊದಲು ಬೇಕಾದುದು ನೆರಳು, ಮಿತವಾದ ತೇವ ಮತ್ತು ಕಾಯುವ ತಾಳ್ಮೆ. ಇವು ಏಕೆ ಬೇಕು, ಯಾವ ಕ್ರಮದಲ್ಲಿ ಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕುಂಡದ ಮರಕ್ಕೆ ಪೆಟ್ಟು ಹೆಚ್ಚೇಕೆ?

ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರ ಮೊದಲಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹೊಲದ ಬದುವಿನಲ್ಲಿರುವ ಮರವೂ ಇದೇ ಬಿಸಿಲನ್ನು ಉಣ್ಣುತ್ತದೆ. ಆದರೆ ಅದರ ಬೇರುಗಳು ನೆಲದೊಳಗೆ ಆಳಕ್ಕೂ ಅಗಲಕ್ಕೂ ಹರಡಿರುತ್ತವೆ. ಮೇಲ್ಮಣ್ಣು ಕಾದರೂ ಒಂದೆರಡು ಅಡಿ ಕೆಳಗೆ ಮಣ್ಣು ತಂಪಾಗಿರುತ್ತದೆ.

ಕುಂಡದ ಮರಕ್ಕೆ ಈ ಆಸರೆಯಿಲ್ಲ. ಅದರ ಬೇರುಗಳೆಲ್ಲ ಒಂದು ಅಡಿ ಅಗಲದ ಮಣ್ಣಿನೊಳಗೆ ಸೇರಿಕೊಂಡಿರುತ್ತವೆ. ಅದರಲ್ಲಿಯೂ ನೀರು ಹೀರುವ ಎಳೆಯ, ಕೂದಲಿನಂಥ ಬೇರುಗಳು ಹೆಚ್ಚಾಗಿ ಕುಂಡದ ಒಳಗೋಡೆಗೆ ಅಂಟಿಕೊಂಡು ಬೆಳೆಯುತ್ತವೆ. ಬಿಸಿಲಿಗೆ ಮೊದಲು ಕಾಯುವುದು ಆ ಗೋಡೆಯೇ. ಕಪ್ಪು ಪ್ಲಾಸ್ಟಿಕ್ ಕುಂಡ, ಬಣ್ಣದ ಡಬ್ಬಿ, ಎಣ್ಣೆ ಡಬ್ಬಗಳಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಪಕ್ಕದ ಮಣ್ಣು ಸುತ್ತಲಿನ ಗಾಳಿಗಿಂತಲೂ ಹೆಚ್ಚು ಬಿಸಿಯಾಗಬಲ್ಲದು. ಮಣ್ಣಿನ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರಿ ಹಾಗೆಯೇ ಉಳಿದರೆ ಬಹುತೇಕ ಗಿಡಗಳ ಎಳೆಬೇರುಗಳು ಬೆಳವಣಿಗೆ ನಿಲ್ಲಿಸಿ, ಕ್ರಮೇಣ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತವೆ. ಕೆಳಗಿನ ಸಿಮೆಂಟ್ ನೆಲವೂ ಹಗಲೆಲ್ಲ ಕಾದು ಸಂಜೆಯವರೆಗೆ ಕುಂಡದ ತಳವನ್ನು ಬಿಸಿಯಾಗಿಯೇ ಇಡುತ್ತದೆ.

ಇದೇ ವೇಳೆಗೆ ಎಲೆಗಳು ತಮ್ಮನ್ನು ತಂಪಾಗಿಟ್ಟುಕೊಳ್ಳಲು ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿಸುತ್ತಿರುತ್ತವೆ. ಬೇರು ಒದಗಿಸುವ ನೀರಿಗಿಂತ ಎಲೆ ಕಳೆಯುವ ನೀರು ಹೆಚ್ಚಾದಾಗ ಗಿಡವು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಆವಿಯಿಂದ ದೊರೆಯುತ್ತಿದ್ದ ತಂಪು ಇಲ್ಲವಾಗಿ ಎಲೆ ಕಾಯುತ್ತದೆ, ಆಹಾರ ತಯಾರಿಕೆಯೂ ನಿಲ್ಲುತ್ತದೆ. ಮೊದಲು ಎಲೆಯ ತುದಿ ಮತ್ತು ಅಂಚು ಸುಡುತ್ತವೆ. ಆ ಬಳಿಕ ಇಡೀ ಎಲೆ ಉದುರುತ್ತದೆ.

ಆದ್ದರಿಂದ ಕಣ್ಣಿಗೆ ಕಾಣುವ ಹಾನಿ ಎಲೆಯದಾದರೂ, ಕಾಣದಿರುವ ದೊಡ್ಡ ಹಾನಿ ಬೇರಿನದು. ಎಲೆ ಮತ್ತೆ ಬರಬೇಕಾದರೆ ಮೊದಲು ಬೇರು ಮತ್ತೆ ಬರಬೇಕು. ಚೇತರಿಕೆಯ ಪ್ರತಿಯೊಂದು ಕ್ರಮವನ್ನೂ ಈ ದೃಷ್ಟಿಯಿಂದಲೇ ನೋಡತಕ್ಕದ್ದು.

ಮರಕ್ಕೆ ಜೀವವಿದೆಯೇ ಎಂಬ ಪರೀಕ್ಷೆ

ಯಾವುದೇ ಗಿಡವನ್ನು ಕೀಳುವ ಮುನ್ನ ಮೂರು ಸರಳ ಪರೀಕ್ಷೆಗಳನ್ನು ಮಾಡಬೇಕು. ಇದಕ್ಕೆ ತಜ್ಞರ ಅಗತ್ಯವಿಲ್ಲ. ಶಿಕ್ಷಕರ ಮಾರ್ಗದರ್ಶನದಲ್ಲಿ ಹಿರಿಯ ತರಗತಿಯ ಮಕ್ಕಳೂ ಮಾಡಬಹುದು.

ಮೊದಲನೆಯದು ತೊಗಟೆಯ ಪರೀಕ್ಷೆ. ಕೊಂಬೆಯ ತೊಗಟೆಯನ್ನು ಉಗುರಿನಿಂದ ಒಂದು ಅಕ್ಕಿಕಾಳಿನಷ್ಟು ಮಾತ್ರ ಕೆರೆದು ನೋಡಬೇಕು. ಒಳಪದರ ಹಸಿರಾಗಿದ್ದು ತೇವವಿದ್ದರೆ ಅಲ್ಲಿ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಆ ಭಾಗ ಸತ್ತಿದೆ. ತುದಿಯಿಂದ ಆರಂಭಿಸಿ ಬುಡದ ಕಡೆಗೆ ಅಲ್ಲಲ್ಲಿ ಪರೀಕ್ಷಿಸುತ್ತಾ ಬರಬೇಕು. ತುದಿಯ ಒಂದು ಅಡಿ ಒಣಗಿದ್ದರೂ ಬುಡದ ಬಳಿ ಹಸಿರು ಕಾಣುವುದು ಸಾಮಾನ್ಯ.

ಎರಡನೆಯದು ಬಾಗಿಸುವ ಪರೀಕ್ಷೆ. ಸೀಸದಕಡ್ಡಿಗಿಂತ ತೆಳುವಾದ ರೆಂಬೆಯನ್ನು ಮೆಲ್ಲಗೆ ಬಾಗಿಸಿದಾಗ ಅದು ಬಳುಕಿದರೆ ಜೀವಂತವಾಗಿದೆ, ಲಟಕ್ಕೆಂದು ಮುರಿದರೆ ಒಣಗಿದೆ ಎಂದು ತಿಳಿಯಬಹುದು.

ಮೂರನೆಯದು ಬೇರಿನ ಪರೀಕ್ಷೆ. ಕುಂಡದ ಅಂಚಿನಲ್ಲಿ ಎರಡು ಮೂರು ಅಂಗುಲ ಮಣ್ಣು ಸರಿಸಿ ಬೇರನ್ನು ನೋಡಬೇಕು. ಬಿಳಿ ಅಥವಾ ಕೆನೆ ಬಣ್ಣದ ಗಟ್ಟಿ ಬೇರು ಆರೋಗ್ಯದ ಲಕ್ಷಣ. ಹಿಸುಕಿದಾಗ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುವ, ಕೊಳೆತ ವಾಸನೆ ಬರುವ ಬೇರು ಸತ್ತಿರುತ್ತದೆ. ಪಶ್ಚಿಮದ ಬಿಸಿಲು ಬೀಳುತ್ತಿದ್ದ ಪಕ್ಕದಲ್ಲಿ ಬೇರು ಸತ್ತಿದ್ದರೂ ಎದುರು ಪಕ್ಕದಲ್ಲಿ ಉಳಿದಿರಬಹುದು. ಆದಕಾರಣ ಎರಡೂ ಕಡೆ ನೋಡುವುದು ಸೂಕ್ತ.

ಕೆಲವು ಮರಗಳ ಸ್ವಭಾವವನ್ನು ಅರಿತಿರುವುದೂ ಅಗತ್ಯ. ಬೇವು, ಹೊಂಗೆ, ಅರಳಿ ಮೊದಲಾದವು ಒಣಹವೆಯ ಕಾಲದಲ್ಲಿ ಸಹಜವಾಗಿಯೇ ಎಲೆ ಉದುರಿಸಿ ಹೊಸ ಚಿಗುರು ತಳೆಯುತ್ತವೆ. ಕರಿಬೇವು ಮತ್ತು ದಾಳಿಂಬೆಗಳ ಮೇಲಿನ ಕಾಂಡ ಪೂರ್ತಿ ಒಣಗಿದರೂ ಬುಡದಿಂದ ಹೊಸ ಕುಡಿಗಳು ಏಳುವ ಸಾಧ್ಯತೆ ಇರುತ್ತದೆ. ಇಂತಹ ಗಿಡಗಳನ್ನು ಕಾಂಡ ನೋಡಿದ ಮಾತ್ರಕ್ಕೆ ಸತ್ತಿವೆ ಎಂದು ನಿರ್ಧರಿಸಬಾರದು.

ಮೊದಲ ದಿನದ ಕೆಲಸ: ನೆರಳು

ಜೀವವಿರುವ ಗಿಡವನ್ನು ಮೊದಲು ಬಿಸಿಲಿನಿಂದ ಸರಿಸಬೇಕು. ಕಟ್ಟಡದ ಪೂರ್ವ ಭಾಗ ಇದಕ್ಕೆ ಉತ್ತಮ. ಅಲ್ಲಿ ಬೆಳಗಿನ ಎಳೆಬಿಸಿಲು ದೊರೆಯುತ್ತದೆ, ಮಧ್ಯಾಹ್ನದ ನಂತರ ಕಟ್ಟಡದ ನೆರಳು ಬೀಳುತ್ತದೆ. ಉತ್ತರ ದಿಕ್ಕಿನ ಗೋಡೆಯ ಬದಿ ಸದಾ ನೆರಳಿನಲ್ಲಿರುತ್ತದೆಂಬ ಭಾವನೆ ಮೇ ತಿಂಗಳಿಗೆ ಅನ್ವಯಿಸುವುದಿಲ್ಲ. ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುವುದರಿಂದ ಆ ಬದಿಗೂ ಬಿಸಿಲು ಬೀಳುತ್ತದೆ.

ಕುಂಡವನ್ನು ಕತ್ತಲೆಯ ಕೋಣೆಯೊಳಗೆ ಇಡುವುದು ಸರಿಯಲ್ಲ. ಹೊಸ ಚಿಗುರಿಗೆ ಬೆಳಕು ಬೇಕೇ ಬೇಕು. ದೊಡ್ಡ ಮರದ ಚದುರಿದ ನೆರಳು, ಅಥವಾ ಶೇಕಡಾ 50ರ ಹಸಿರು ನೆರಳು ಪರದೆಯ ಅಡಿಯ ಬೆಳಕು ಸಾಕಾಗುತ್ತದೆ. ಪರದೆ ಇಲ್ಲದಿದ್ದಲ್ಲಿ ತೆಂಗಿನ ಗರಿಯ ತಟ್ಟಿ ಅಥವಾ ಹಳೆಯ ಸೀರೆಯನ್ನು ಗಿಡಕ್ಕೆ ತಾಗದಂತೆ ಮೇಲೆ ಕಟ್ಟಬಹುದು. ಸಿಮೆಂಟಿನ ಭಾರವಾದ ಕುಂಡಗಳನ್ನು ಸರಿಸಲಾಗದಿದ್ದರೆ ಪಶ್ಚಿಮದ ಬದಿಗೆ ಗೋಣಿತಟ್ಟು ಸುತ್ತಿ ಮರೆ ಮಾಡಬೇಕು. ಕುಂಡದ ಅಡಿಗೆ ಮೂರು ಇಟ್ಟಿಗೆಯ ತುಂಡುಗಳನ್ನಿಟ್ಟು ಎತ್ತರಿಸಿದರೆ ನೆಲದ ಕಾವು ತಟ್ಟುವುದು ಕಡಿಮೆಯಾಗುತ್ತದೆ, ತಳದ ರಂಧ್ರಗಳಿಂದ ನೀರೂ ಸರಾಗವಾಗಿ ಹೊರಹೋಗುತ್ತದೆ.

ಹಲವು ಕುಂಡಗಳಿದ್ದಲ್ಲಿ ಅವುಗಳನ್ನು ಒಂದೆಡೆ ಒತ್ತಾಗಿ ಜೋಡಿಸುವುದು ಒಳಿತು. ಒಂದರ ನೆರಳು ಇನ್ನೊಂದರ ಗೋಡೆಗೆ ಬೀಳುತ್ತದೆ. ಹೆಚ್ಚು ನೊಂದ ಗಿಡಗಳು ನಡುವಿನಲ್ಲಿರಲಿ.

ಒಣಗಿದ ಮಣ್ಣನ್ನು ಮತ್ತೆ ನೆನೆಸುವ ಬಗೆ

ವಾರಗಟ್ಟಲೆ ನೀರು ಕಾಣದ ಕುಂಡಕ್ಕೆ ಮೇಲಿನಿಂದ ಒಂದು ಬಕೆಟ್ ನೀರು ಸುರಿದರೆ ಅದು ಕೂಡಲೇ ತಳದಿಂದ ಹರಿದುಹೋಗುತ್ತದೆ. ನೋಡಿದವರು ಮಣ್ಣು ಚೆನ್ನಾಗಿ ನೆನೆದಿದೆ ಎಂದು ಭಾವಿಸುತ್ತಾರೆ. ವಾಸ್ತವದಲ್ಲಿ ಒಳಗಿನ ಮಣ್ಣುಂಡೆ ಒಣಗಿಯೇ ಇರುತ್ತದೆ. ಕಪ್ಪು ಎರೆಮಣ್ಣು ಒಣಗಿದಾಗ ಕುಗ್ಗಿ, ಬಿರುಕುಬಿಟ್ಟು ಕುಂಡದ ಗೋಡೆಯಿಂದ ದೂರ ಸರಿಯುತ್ತದೆ. ಸುರಿದ ನೀರು ಆ ಸಂದಿನಲ್ಲಿಯೇ ಇಳಿದುಹೋಗುತ್ತದೆ. ತೆಂಗಿನ ನಾರಿನ ಪುಡಿ ಅಥವಾ ಗೊಬ್ಬರ ಹೆಚ್ಚಿರುವ ಮಿಶ್ರಣವೂ ಪೂರ್ತಿ ಒಣಗಿದ ಮೇಲೆ ನೀರನ್ನು ಬೇಗನೆ ಹೀರಿಕೊಳ್ಳದೆ ಹೊರದೂಡುತ್ತದೆ.

ಸಣ್ಣ ಹಾಗೂ ಮಧ್ಯಮ ಗಾತ್ರದ ಕುಂಡವನ್ನು ನೀರು ತುಂಬಿದ ಅಗಲವಾದ ಬುಟ್ಟಿ ಅಥವಾ ತೊಟ್ಟಿಯಲ್ಲಿ ಇಡಬೇಕು. ನೀರು ಕುಂಡದ ಅರ್ಧ ಎತ್ತರದವರೆಗೆ ಬಂದರೆ ಸಾಕು. ತಳದ ರಂಧ್ರಗಳಿಂದ ನೀರು ಮೇಲೇರುತ್ತಾ ಗಾಳಿಯ ಗುಳ್ಳೆಗಳು ಹೊರಬರುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ಗುಳ್ಳೆಗಳು ನಿಂತು ಮೇಲ್ಮಣ್ಣು ತೇವಗೊಳ್ಳುತ್ತದೆ. ಆಗ ಕುಂಡವನ್ನು ಹೊರತೆಗೆದು ಇಟ್ಟಿಗೆಯ ಮೇಲಿಟ್ಟು ಹೆಚ್ಚಿನ ನೀರು ಬಸಿದುಹೋಗಲು ಬಿಡಬೇಕು. ರಾತ್ರಿಯಿಡೀ ನೀರಿನಲ್ಲಿ ಬಿಡಬಾರದು. ತೊಟ್ಟಿಯಲ್ಲಿ ಉಳಿದ ನೀರನ್ನು ಮುಂದಿನ ಕುಂಡಕ್ಕೆ ಬಳಸಬಹುದು. ಹೀಗೆ ಒಂದೇ ತೊಟ್ಟಿಯ ನೀರಿನಲ್ಲಿ ಹಲವು ಕುಂಡಗಳನ್ನು ನೆನೆಸಬಹುದು. ಆದರೆ ಬೇರು ಕೊಳೆತ ವಾಸನೆಯಿರುವ ಕುಂಡವನ್ನು ಈ ತೊಟ್ಟಿಗೆ ಇಳಿಸಬಾರದು. ರೋಗವು ಉಳಿದ ಕುಂಡಗಳಿಗೂ ಹರಡುವ ಅಪಾಯವಿರುತ್ತದೆ.

ಎತ್ತಲಾಗದ ದೊಡ್ಡ ಕುಂಡವಾದರೆ ಮೇಲ್ಮಣ್ಣನ್ನು ಕಡ್ಡಿಯಿಂದ ಹಗುರವಾಗಿ ಸಡಿಲಿಸಿ, ಗೋಡೆಯ ಪಕ್ಕದ ಸಂದನ್ನು ಮಣ್ಣಿನಿಂದ ಮುಚ್ಚಿ, ಒಂದೊಂದೇ ಚೊಂಬು ನೀರನ್ನು ಹದಿನೈದು ನಿಮಿಷಗಳ ಅಂತರದಲ್ಲಿ ನಾಲ್ಕಾರು ಬಾರಿ ಹಾಕಬೇಕು. ಮೊದಲ ಚೊಂಬು ಮಣ್ಣಿನ ಬಿಗಿತವನ್ನು ಸಡಿಲಿಸುತ್ತದೆ, ಮುಂದಿನವು ಒಳಗಿಳಿಯುತ್ತವೆ.

ಸಮಯವೂ ಮುಖ್ಯ. ಮಧ್ಯಾಹ್ನದಲ್ಲಿ ಕೊಳವೆಯಲ್ಲಿಯೂ ತಾರಸಿಯ ಮೇಲಿನ ಕಪ್ಪು ತೊಟ್ಟಿಯಲ್ಲಿಯೂ ನಿಂತ ನೀರು ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಅದನ್ನೇ ಬೇರಿಗೆ ಬಿಟ್ಟರೆ ಹಾನಿ ಇಮ್ಮಡಿಸುತ್ತದೆ. ಬೆಳಗ್ಗೆ ಬಿಸಿಲೇರುವ ಮುನ್ನ ನೀರುಣಿಸುವುದು ಅತ್ಯುತ್ತಮ.

ಎಷ್ಟು ನೀರು, ಯಾವ ನೀರು?

ಮೊದಲ ಬಾರಿ ಚೆನ್ನಾಗಿ ನೆನೆಸಿದ ಬಳಿಕ ನೀರಿನ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಎಲೆಗಳಿಲ್ಲದ ಮರವು ನೀರನ್ನು ಬಹಳ ಕಡಿಮೆ ಬಳಸುತ್ತದೆ. ಎಲೆ ತುಂಬಿದ್ದ ಕಾಲದಂತೆ ದಿನಕ್ಕೆರಡು ಬಾರಿ ನೀರೆರೆದರೆ ಮಣ್ಣಿನೊಳಗಿನ ಗಾಳಿಯ ಜಾಗವೆಲ್ಲ ನೀರಿನಿಂದ ತುಂಬುತ್ತದೆ. ಬೇರಿಗೂ ಉಸಿರಾಡಲು ಗಾಳಿ ಬೇಕು. ಅದು ಸಿಗದಿದ್ದಾಗ ಉಳಿದ ಬೇರೂ ಕೊಳೆಯುತ್ತದೆ. ಬೇಸಿಗೆಯನ್ನು ದಾಟಿ ಬದುಕಿದ ಗಿಡಗಳು ಆರೈಕೆಯ ಎರಡನೆಯ ವಾರದಲ್ಲಿ ಸಾಯುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ.

ಇದಕ್ಕೆ ಬೆರಳೇ ಅಳತೆಗೋಲು. ತೋರುಬೆರಳನ್ನು ಮಣ್ಣಿನೊಳಗೆ ಎರಡು ಅಂಗುಲ ಇಳಿಸಿ ನೋಡಬೇಕು. ತೇವವಿದ್ದರೆ ನೀರು ಬೇಡ. ಒಣಗಿದ್ದರೆ ತಳದಿಂದ ಸ್ವಲ್ಪ ನೀರು ಹೊರಬರುವವರೆಗೆ ಕೊಡಬೇಕು. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ಅದು ಬಾಯಾರಿಕೆಯ ಲಕ್ಷಣವಲ್ಲ, ಬೇರಿನ ಹಾನಿಯ ಸೂಚನೆ. ಅಂತಹ ಕುಂಡಕ್ಕೆ ನೀರು ನಿಲ್ಲಿಸಿ, ತಳದ ರಂಧ್ರ ಮುಚ್ಚಿಹೋಗಿದೆಯೇ ಎಂದು ಪರಿಶೀಲಿಸಬೇಕು.

ತೇವವನ್ನು ಉಳಿಸಲು ಮೇಲ್ಮಣ್ಣಿಗೆ ಎರಡು ಅಂಗುಲ ದಪ್ಪದ ಹೊದಿಕೆ ಹಾಕಬೇಕು. ಒಣ ಎಲೆ, ಭತ್ತದ ಹುಲ್ಲು, ತೆಂಗಿನ ನಾರು, ಶೇಂಗಾ ಸಿಪ್ಪೆ, ಇವುಗಳಲ್ಲಿ ಊರಿನಲ್ಲಿ ಯಾವುದು ಸಿಗುವುದೋ ಅದು ಸಾಕು. ಹೊದಿಕೆಯು ಕಾಂಡಕ್ಕೆ ತಾಗದಂತೆ ಸುತ್ತಲೂ ಎರಡು ಬೆರಳಿನಷ್ಟು ಜಾಗ ಬಿಡಬೇಕು.

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊರತೆಯಿರುವ ಗ್ರಾಮಗಳಲ್ಲಿ ಗಿಡಕ್ಕೆ ಬೇರೆ ನೀರನ್ನು ಹುಡುಕುವುದು ಅನಿವಾರ್ಯ. ಬಿಸಿಯೂಟಕ್ಕಾಗಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಇದಕ್ಕೆ ಯೋಗ್ಯವಾಗಿದೆ. ಉಪ್ಪು ಬೆರೆತ ನೀರು, ಪಾತ್ರೆ ತೊಳೆದ ಸಾಬೂನಿನ ನೀರು ಬೇಡ. ಶುದ್ಧ ಕುಡಿಯುವ ನೀರಿನ ಘಟಕಗಳಿಂದ ಹೊರಬರುವ ತ್ಯಾಜ್ಯ ನೀರನ್ನು ಗಿಡಗಳಿಗೆ ಹರಿಸುವ ಪದ್ಧತಿ ಕೆಲವೆಡೆ ಇದೆ. ಘಟಕವು ಬೇರ್ಪಡಿಸಿದ ಲವಣಗಳೆಲ್ಲ ಆ ನೀರಿನಲ್ಲಿ ಉಳಿದಿರುವುದರಿಂದ ನೊಂದ ಗಿಡಕ್ಕೆ, ಅದರಲ್ಲಿಯೂ ಕುಂಡದ ಗಿಡಕ್ಕೆ ಅದು ಹಾನಿಕರ. ನೆಲ ಒರೆಸಲು, ಶೌಚಾಲಯ ಸ್ವಚ್ಛಗೊಳಿಸಲು ಅದನ್ನು ಬಳಸಿ, ಹಾಗೆ ಉಳಿದ ಒಳ್ಳೆಯ ನೀರನ್ನು ಗಿಡಕ್ಕೆ ಕೊಡುವುದು ಲೇಸು.

ಕೊಳವೆಬಾವಿಯ ಗಡಸು ನೀರು ಹಾಕುತ್ತಾ ಬಂದ ಕುಂಡಗಳ ಮೇಲ್ಮಣ್ಣಿನಲ್ಲಿ ಮತ್ತು ಅಂಚಿನಲ್ಲಿ ಬಿಳಿಯ ಪದರ ಕಾಣುತ್ತದೆ. ಇದು ನೀರು ಆವಿಯಾದ ಮೇಲೆ ಉಳಿದ ಲವಣ. ಎಲೆಯಂಚು ಸುಡುವುದಕ್ಕೆ ಬಿಸಿಲಿನೊಡನೆ ಇದೂ ಕಾರಣವಾಗಿರಬಹುದು. ಆ ಪದರವನ್ನು ಅರ್ಧ ಅಂಗುಲ ಮಣ್ಣಿನ ಸಹಿತ ಕೆರೆದು ತೆಗೆದು ಹೊಸ ಮಣ್ಣು ಹಾಕಬೇಕು. ಒಳಗಿನ ಲವಣವನ್ನು ತೊಳೆಯಲು ಬಹಳ ನೀರು ಬೇಕಾಗುವುದರಿಂದ ಅದಕ್ಕೆ ಮಳೆಯನ್ನು ಕಾಯುವುದು ಜಾಣತನ.

ಈ ಹಂತದಲ್ಲಿ ಮಾಡಬಾರದ ಕೆಲಸಗಳು

1. ಗೊಬ್ಬರ ಹಾಕಬಾರದು. ಯೂರಿಯಾ, ಡಿ.ಎ.ಪಿ. ಮುಂತಾದ ರಾಸಾಯನಿಕ ಗೊಬ್ಬರಗಳು ಮಣ್ಣಿನ ನೀರಿನಲ್ಲಿ ಲವಣಾಂಶವನ್ನು ಹೆಚ್ಚಿಸುತ್ತವೆ. ಆಗ ನೊಂದ ಬೇರಿಗೆ ನೀರು ಹೀರುವುದು ಇನ್ನಷ್ಟು ಕಷ್ಟವಾಗುತ್ತದೆ. ಪೂರ್ತಿ ಕಳಿಯದ ಹಸಿ ಸಗಣಿ ಗೊಬ್ಬರವು ಕುಂಡದೊಳಗೆ ಕೊಳೆಯುವಾಗ ಕಾವು ಹುಟ್ಟಿಸುತ್ತದೆ. ಜ್ವರದಿಂದ ಎದ್ದವರಿಗೆ ಗಂಜಿ ಹಿತವೇ ಹೊರತು ಹಬ್ಬದೂಟವಲ್ಲ.

2. ಕೊಂಬೆಗಳನ್ನು ಆತುರದಿಂದ ಕತ್ತರಿಸಬಾರದು. ಎಲೆಯಿಲ್ಲದ ಮರವು ಕಾಂಡದಲ್ಲಿ ಕೂಡಿಟ್ಟ ಆಹಾರದಿಂದಲೇ ಹೊಸ ಬೇರು ಮತ್ತು ಚಿಗುರನ್ನು ಮೂಡಿಸಬೇಕಾಗುತ್ತದೆ. ಜೀವವಿರುವ ಕೊಂಬೆಯನ್ನು ಕಡಿದರೆ ಆ ಸಂಗ್ರಹವೂ ಹೋಗುತ್ತದೆ. ಯಾವ ಕೊಂಬೆ ಸತ್ತಿದೆ ಎಂಬುದು ಚಿಗುರು ಬಂದ ಮೇಲಷ್ಟೇ ಖಚಿತವಾಗುತ್ತದೆ. ಅಂಚು ಸುಟ್ಟರೂ ನಡುವೆ ಹಸಿರಾಗಿರುವ ಎಲೆಯನ್ನು ಕೂಡ ಕೀಳಬಾರದು. ಆ ಹಸಿರು ಭಾಗ ಇನ್ನೂ ಆಹಾರ ತಯಾರಿಸುತ್ತಿರುತ್ತದೆ.

3. ಕುಂಡ ಬದಲಿಸಬಾರದು. ಬದಲಿಸುವಾಗ ಉಳಿದಿರುವ ಎಳೆಬೇರುಗಳೂ ಹರಿಯುತ್ತವೆ. ಮಳೆ ಹಿಡಿದು ಹವೆ ತಂಪಾದ ಮೇಲೆ ಆ ಕೆಲಸವನ್ನು ಕೈಗೊಳ್ಳಬಹುದು. ಬೇರು ಕೊಳೆತು ದುರ್ವಾಸನೆ ಬರುತ್ತಿರುವ ಗಿಡ ಮಾತ್ರ ಇದಕ್ಕೆ ಹೊರತು. ಅದನ್ನು ತಕ್ಷಣ ಹೊರತೆಗೆದು, ಕೊಳೆತ ಬೇರನ್ನು ಕತ್ತರಿಸಿ, ನೀರು ಬಸಿಯುವ ಹೊಸ ಮಣ್ಣಿಗೆ ಬದಲಿಸಬೇಕು.

ಚಿಗುರು ಬಂದ ಮೇಲೆ

ನೆರಳು ಮತ್ತು ಹದವಾದ ತೇವ ದೊರೆತ ಗಿಡವು ಸಾಮಾನ್ಯವಾಗಿ ಎರಡರಿಂದ ಆರು ವಾರಗಳೊಳಗೆ ಚಿಗುರಿನ ಲಕ್ಷಣ ತೋರಿಸುತ್ತದೆ. ಕೊಂಬೆಯ ಗೆಣ್ಣುಗಳಲ್ಲಿ ಸಾಸಿವೆಯಷ್ಟು ಉಬ್ಬು ಕಾಣಿಸಿಕೊಳ್ಳುವುದೇ ಮೊದಲ ಸೂಚನೆ. ಆಗ ಆರೈಕೆಯ ಕ್ರಮ ಬದಲಾಗಬೇಕು.

ಕಸಿ ಮಾಡಿದ ಗಿಡಗಳಲ್ಲಿ ಚಿಗುರು ಎಲ್ಲಿಂದ ಬಂದಿದೆ ಎಂಬುದನ್ನು ನೋಡುವುದು ಅತ್ಯಗತ್ಯ. ಕಸಿ ಮಾವಿನ ಕಾಂಡದ ಕೆಳಭಾಗದಲ್ಲಿ ಕಸಿಯ ಗಂಟು ಇರುತ್ತದೆ. ಗಂಟಿನ ಮೇಲಿನ ಚಿಗುರು ಬೇಕಾದ ತಳಿಯದು. ಕೆಳಗಿನದು ಕಸಿಗೆ ಆಧಾರವಾಗಿರುವ ಬೇರುಸಸಿಯದು. ಮೇಲ್ಭಾಗವೂ ಜೀವಂತವಾಗಿದ್ದರೆ ಕೆಳಗಿನ ಚಿಗುರುಗಳನ್ನು ಎಳೆಯದಿದ್ದಾಗಲೇ ಚಿವುಟಬೇಕು. ಸಪೋಟದ ಕಸಿಗಳಿಗೂ ಇದು ಅನ್ವಯಿಸುತ್ತದೆ. ಬುಡದಿಂದ ಮಾತ್ರ ಚಿಗುರಿದ ಕಸಿ ಮಾವು ಬದುಕಿದರೂ ಅದು ಮೊದಲಿನ ತಳಿಯ ಹಣ್ಣನ್ನು ಕೊಡುವುದಿಲ್ಲ. ಕರಿಬೇವಿಗೆ, ಬೀಜದಿಂದ ಬೆಳೆಸಿದ ನಿಂಬೆಗೆ ಮತ್ತು ಕಡ್ಡಿಯಿಂದ ಅಥವಾ ಗೂಟಿಯಿಂದ ಬೆಳೆಸಿದ ದಾಳಿಂಬೆಗೆ ಈ ತೊಡಕಿಲ್ಲ. ಅವುಗಳಲ್ಲಿ ಬುಡದಿಂದ ಎದ್ದ ಒಂದೆರಡು ಬಲವಾದ ಕುಡಿಗಳನ್ನು ಉಳಿಸಿ ಹೊಸ ಮರವನ್ನೇ ಬೆಳೆಸಬಹುದು.

ಚಿಗುರು ಎರಡು ಮೂರು ಅಂಗುಲ ಬೆಳೆದ ಬಳಿಕ ಒಣಗಿದ ಕೊಂಬೆಗಳನ್ನು ಹಸಿರು ಭಾಗದ ತುಸು ಮೇಲೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ದಪ್ಪ ಕೊಂಬೆಯ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದು ಸೂಕ್ತ. ಬಿಸಿಲಿಗೆ ಕಾಂಡದ ಪಶ್ಚಿಮ ಪಕ್ಕದ ತೊಗಟೆ ಸೀಳಿದ್ದರೆ ಅದನ್ನು ಸುಲಿಯದೆ, ತಿಳಿಯಾಗಿ ಕದಡಿದ ಸುಣ್ಣವನ್ನು ಕಾಂಡಕ್ಕೆ ಬಳಿಯಬಹುದು. ಬಿಳಿಯ ಬಣ್ಣವು ಬಿಸಿಲನ್ನು ಹಿಂತಿರುಗಿಸಿ ಕಾಂಡವನ್ನು ಕಾಪಾಡುತ್ತದೆ.

ಎಲೆಗಳು ಬಲಿತ ಮೇಲೆ ಮೊದಲ ಗೊಬ್ಬರ ಕೊಡಬಹುದು. ಒಂದು ಅಡಿಯ ಕುಂಡಕ್ಕೆ ಎರಡು ಹಿಡಿಯಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಸಾಕು. ತಿಂಗಳ ನಂತರ ಮತ್ತೊಮ್ಮೆ ಅಷ್ಟೇ ಪ್ರಮಾಣದಲ್ಲಿ ಕೊಡಬಹುದು.

ಎಳೆಯ ಚಿಗುರನ್ನು ಕೀಟಗಳು ಬಹುಬೇಗ ಹುಡುಕುತ್ತವೆ. ಸಸ್ಯಹೇನು ಮತ್ತು ಹಿಟ್ಟುತಿಗಣೆ ಕಂಡಲ್ಲಿ ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಚಿಮುಕಿಸಿದರೆ ಬಹಳಷ್ಟು ಉದುರುತ್ತವೆ. ಹತೋಟಿಗೆ ಬಾರದಿದ್ದರೆ ಬೇವಿನ ಎಣ್ಣೆ ಅಥವಾ ಬೇವಿನ ಸಾಬೂನಿನ ದ್ರಾವಣವನ್ನು ಪೊಟ್ಟಣದ ಮೇಲೆ ಸೂಚಿಸಿದ ಪ್ರಮಾಣದಲ್ಲಿ, ಸಂಜೆಯ ವೇಳೆ ಸಿಂಪಡಿಸಬೇಕು. ನಿಂಬೆ ಮತ್ತು ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಹಲವು ಬಾರಿ ನಿಂಬೆ ಚಿಟ್ಟೆಯ ಮರಿಹುಳುವಾಗಿರುತ್ತದೆ. ಐದಾರು ಹುಳುಗಳು ಚೇತರಿಸಿಕೊಳ್ಳುತ್ತಿರುವ ಚಿಕ್ಕ ಗಿಡದ ಹೊಸ ಎಲೆಗಳನ್ನೆಲ್ಲ ಕೆಲವೇ ದಿನಗಳಲ್ಲಿ ತಿಂದು ಮುಗಿಸಬಲ್ಲವು. ಅವುಗಳನ್ನು ಕೈಯಿಂದಲೇ ಆರಿಸಿ ತೆಗೆಯಬಹುದು.

ನೆರಳಿನಲ್ಲಿ ಮೂಡಿದ ಎಲೆಗಳು ಮೃದುವಾಗಿರುವುದರಿಂದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತರಬಾರದು. ಮೊದಲ ವಾರ ಬೆಳಗಿನ ಎರಡು ಗಂಟೆ, ಮರುವಾರ ನಾಲ್ಕು ಗಂಟೆ, ಹೀಗೆ ಹಂತಹಂತವಾಗಿ ಬಿಸಿಲಿಗೆ ಒಗ್ಗಿಸಬೇಕು.

ಮಳೆ ಹಿಡಿದ ಮೇಲೆ

ಜೂನ್ ತಿಂಗಳ ಮುಂಗಾರು ಕುಂಡದ ಮರಕ್ಕೆ ವರವೂ ಹೌದು, ಪರೀಕ್ಷೆಯೂ ಹೌದು. ಲವಣರಹಿತವಾದ ಮಳೆನೀರು ಮಣ್ಣಿನಲ್ಲಿ ಕೂಡಿದ ಉಪ್ಪನ್ನು ತೊಳೆಯುತ್ತದೆ. ಬಿಳಿಯ ಪದರವಿದ್ದ ಕುಂಡಗಳನ್ನು ಮೊದಲ ಒಳ್ಳೆಯ ಮಳೆಗೆ ಬಯಲಿನಲ್ಲಿ ಇಟ್ಟು, ತಳದಿಂದ ನೀರು ಧಾರಾಳವಾಗಿ ಹರಿಯಲು ಬಿಡಬೇಕು. ಅದಕ್ಕೂ ಮುನ್ನ ತಳದ ರಂಧ್ರಗಳನ್ನು ಕಡ್ಡಿಯಿಂದ ಚುಚ್ಚಿ ತೆರವುಗೊಳಿಸುವುದು ಅಗತ್ಯ. ಕುಂಡದಡಿಯ ತಟ್ಟೆಗಳಲ್ಲಿ ನಿಂತ ನೀರು ಬೇರಿಗೆ ಕೇಡು. ಅಷ್ಟೇ ಅಲ್ಲದೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂತಹ ನಿಂತ ನೀರಿನಲ್ಲಿಯೇ. ಮಳೆಗಾಲದಲ್ಲಿ ತಟ್ಟೆಗಳನ್ನು ತೆಗೆದಿಡಬೇಕು. ಅದು ಸಾಧ್ಯವಾಗದಿದ್ದರೆ ವಾರಕ್ಕೊಮ್ಮೆಯಾದರೂ ಬರಿದುಮಾಡಿ ಉಜ್ಜಿ ತೊಳೆಯಬೇಕು.

ಕುಂಡ ಬದಲಿಸಲು ಜೂನ್ ಕೊನೆ ಹಾಗೂ ಜುಲೈ ಸೂಕ್ತ ಕಾಲ. ಹಳೆಯದಕ್ಕಿಂತ ಎರಡು ಮೂರು ಅಂಗುಲ ಅಗಲವಾದ ಕುಂಡ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳಿನ ಮಿಶ್ರಣ ಬಹುತೇಕ ಮರಗಳಿಗೆ ಒಗ್ಗುತ್ತದೆ. ಬರಿಯ ಎರೆಮಣ್ಣನ್ನು ಕುಂಡಕ್ಕೆ ತುಂಬಬಾರದು. ಅದು ಮಳೆಯಲ್ಲಿ ನೀರು ಬಸಿಯಲು ಬಿಡದು, ಬೇಸಿಗೆಯಲ್ಲಿ ಬಿರುಕುಬಿಡುತ್ತದೆ.

ಮಾವು, ಬೇವು, ಹೊಂಗೆ, ಅರಳಿಯಂತಹ ಹೆಮ್ಮರಗಳಿಗೆ ಕುಂಡವು ತಾತ್ಕಾಲಿಕ ತಂಗುದಾಣ ಮಾತ್ರ. ಆವರಣದಲ್ಲಿಯೋ ಊರಿನ ಗೋಮಾಳ, ಕೆರೆ ಏರಿಯ ಆಚೆ, ರಸ್ತೆಯ ಬದಿಯಲ್ಲಿಯೋ ಅನುಮತಿಯಿರುವ ಜಾಗ ದೊರೆತರೆ, ಚೇತರಿಸಿಕೊಂಡ ಇಂತಹ ಗಿಡಗಳನ್ನು ಜುಲೈ ಮೊದಲ ವಾರದ ವನಮಹೋತ್ಸವದ ಸಂದರ್ಭದಲ್ಲಿ ನೆಲಕ್ಕೆ ವರ್ಗಾಯಿಸಬಹುದು. ಬೇರು ನೆಲದಾಳಕ್ಕೆ ಇಳಿಯಲು ಆಗ ನಾಲ್ಕೈದು ತಿಂಗಳ ತೇವದ ಕಾಲಾವಕಾಶ ಸಿಗುತ್ತದೆ.

ಬದುಕದ ಗಿಡದ ವಿಲೇವಾರಿ

ಎಲ್ಲ ಆರೈಕೆಯ ನಂತರವೂ ಕೆಲವು ಗಿಡಗಳು ಉಳಿಯುವುದಿಲ್ಲ. ಜುಲೈ ಕೊನೆಯವರೆಗೂ ಚಿಗುರದ, ಬುಡದ ತೊಗಟೆಯಲ್ಲಿಯೂ ಹಸಿರು ಕಾಣದ ಗಿಡವನ್ನು ಸತ್ತಿದೆ ಎಂದು ಪರಿಗಣಿಸಬಹುದು. ಅದನ್ನು ಕೀಳುವಾಗ ಬೇರನ್ನು ಪರೀಕ್ಷಿಸಬೇಕು. ಬೇರು ಒಣಗಿ ಸತ್ತಿದ್ದರೆ ಮಣ್ಣನ್ನು ಹೊಸ ಗೊಬ್ಬರದೊಂದಿಗೆ ಬೆರೆಸಿ ಮತ್ತೆ ಬಳಸಬಹುದು. ಬೇರು ಕೊಳೆತಿದ್ದರೆ ಆ ಮಣ್ಣಿನಲ್ಲಿ ರೋಗಕಾರಕ ಶಿಲೀಂಧ್ರವಿರುವ ಸಂಭವವಿದ್ದು, ಬೇರೆ ಕುಂಡಗಳಿಗೆ ಬಳಸಬಾರದು.

ಮುಂದಿನ ಬೇಸಿಗೆಗೆ ಇಂದೇ ಸಿದ್ಧತೆ

ಶಾಲೆಯ ಕುಂಡಗಳು ಬಾಡುವುದಕ್ಕೆ ಬಿಸಿಲಿಗಿಂತಲೂ ಮುಖ್ಯವಾದ ಕಾರಣ, ರಜೆಯ ಏಳೆಂಟು ವಾರಗಳಲ್ಲಿ ಅವುಗಳಿಗೆ ಯಾರೂ ಹೊಣೆಗಾರರಿಲ್ಲದಿರುವುದು. ಮಾರ್ಚ್ ತಿಂಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿಯೇ ಈ ವಿಷಯವನ್ನು ಚರ್ಚಿಸಿ, ಶಾಲೆಯ ಸಮೀಪದ ಎರಡು ಮನೆಯವರಿಗೆ ಅಥವಾ ಆಸಕ್ತ ಹಿರಿಯ ವಿದ್ಯಾರ್ಥಿಗಳಿಗೆ ದಿನ ಹಂಚಿ ಹೊಣೆ ವಹಿಸುವುದು ಒಳಿತು. ಗ್ರಾಮ ಪಂಚಾಯಿತಿಯ ನೀರುಗಂಟಿಗೂ ಆ ಮನೆಗಳ ಮಾಹಿತಿ ಇದ್ದರೆ ನೀರು ಬಿಡುವ ದಿನ ಅವರಿಗೆ ತಿಳಿಯುತ್ತದೆ.

ರಜೆ ಆರಂಭವಾಗುವ ಮುನ್ನವೇ ಕುಂಡಗಳನ್ನು ಪೂರ್ವದ ನೆರಳಿಗೆ ಒತ್ತಾಗಿ ಜೋಡಿಸಿ, ಹೊದಿಕೆ ಹಾಕಿ, ಕಪ್ಪು ಕುಂಡಗಳ ಹೊರಮೈಗೆ ಸುಣ್ಣ ಬಳಿಯಬೇಕು. ಇನ್ನಷ್ಟು ರಕ್ಷಣೆ ಬೇಕಾದಲ್ಲಿ ಚಿಕ್ಕ ಕುಂಡವನ್ನು ತಳದಲ್ಲಿ ರಂಧ್ರವಿರುವ ದೊಡ್ಡ ಮಣ್ಣಿನ ಕುಂಡದೊಳಗಿಟ್ಟು ನಡುವಿನ ಜಾಗಕ್ಕೆ ಮರಳು ತುಂಬಿ ಒದ್ದೆ ಮಾಡಬಹುದು. ಮರಳಿನ ತೇವವು ಆವಿಯಾಗುತ್ತಾ ಒಳಗಿನ ಕುಂಡವನ್ನು ತಂಪಾಗಿಡುತ್ತದೆ. ನಮ್ಮ ಮನೆಗಳಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ರೀತಿಯಲ್ಲಿ.

ಪ್ರತಿ ಕುಂಡಕ್ಕೂ ಒಂದು ಸಂಖ್ಯೆ ಕೊಟ್ಟು, ಗಿಡದ ಹೆಸರು, ನೆಟ್ಟ ವರ್ಷ, ಜೂನ್ ತಿಂಗಳ ಸ್ಥಿತಿ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಯಾವ ಜಾಗದಲ್ಲಿ ಯಾವ ಗಿಡ ತಾಳುತ್ತದೆ ಎಂಬುದು ಎರಡು ಮೂರು ವರ್ಷಗಳಲ್ಲಿ ತಾನಾಗಿಯೇ ತಿಳಿದುಬರುತ್ತದೆ. ಈ ದಾಖಲೆಯನ್ನು ವಿಜ್ಞಾನದ ಪಾಠದ ಭಾಗವಾಗಿ ಮಕ್ಕಳೇ ನಿರ್ವಹಿಸಬಹುದು. ರೋಗ, ಕೀಟ ಅಥವಾ ಕಸಿಗೆ ಸಂಬಂಧಿಸಿದ ಸಂದೇಹಗಳಿದ್ದಲ್ಲಿ ಬಾಧಿತ ಎಲೆ ಹಾಗೂ ಬೇರಿನ ಮಾದರಿಯೊಂದಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವುದು.

ಈ ಬಾರಿ ಶಾಲೆ ತೆರೆಯುವ ದಿನ ಜಗಲಿಯಲ್ಲಿ ಎಲೆಯಿಲ್ಲದ ನಿಂಬೆಯೊಂದು ಕಂಡರೆ ಅದನ್ನು ಕೀಳುವ ಮುನ್ನ ತೊಗಟೆಯನ್ನು ಅಕ್ಕಿಕಾಳಿನಷ್ಟು ಕೆರೆದು ನೋಡಬೇಕು. ಹಸಿರು ಕಂಡರೆ ಅದನ್ನು ಪೂರ್ವದ ನೆರಳಿಗೆ ಸರಿಸಿ, ನೆನೆಸಿ, ಜುಲೈವರೆಗೆ ಕಾಯಬೇಕು. ಹೊಸ ಸಸಿಯನ್ನು ಅದರ ಪಕ್ಕದಲ್ಲಿ ಇನ್ನೊಂದು ಕುಂಡದಲ್ಲಿ ನೆಡಬಹುದು.